ಹುಳ ಮುಟ್ಟಿದ ದಿನ

ಶಿರಾದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಆಗ ನಾನು ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ನನ್ನ ತರಗತಿಯಲ್ಲಿ ಯಾರೂ ಕನ್ನಡ ಆಡುವಂತಿರಲಿಲ್ಲ. ಆ ದಿನ ಯೂಫೆಮಿಸಂ ಪಾಠ. ಆಡಲು ಕಷ್ಟವಾದದ್ದನ್ನು ನಯವಾದ ಮಾತಿನಲ್ಲಿ ಮರೆಸಿ ಹೇಳುವುದು ಎಂದು ವಿವರಿಸಿ, 'ಸತ್ತ' ಎನ್ನುವುದಕ್ಕೆ ಇಂಗ್ಲಿಷಿನಲ್ಲಿರುವ ಮೆತ್ತನೆಯ ಮಾತುಗಳನ್ನು ಬರೆಸುತ್ತಿದ್ದೆ.

ಫಾತಿಮಾಳ ಜೊತೆ ನೀರು ಕುಡಿಯಲು ಹೋಗಿದ್ದ ಜಯಮ್ಮ ಒಬ್ಬಳೇ ಓಡಿಬಂದಳು. "ಮಿಸ್, ಫಾತಿಮಾಗೆ ಹುಳ ಮುಟ್ಬುಡ್ತು!"

"ಇಂಗ್ಲಿಷಿನಲ್ಲಿ ಹೇಳು."

ಅವಳು ತಡವರಿಸಿದಳು. "ವರ್ಮ್ ಟಚ್ ಫಾತಿಮಾ, ಮಿಸ್."

"ಟಚ್ಡ್," ಎಂದು ತಿದ್ದಿದೆ. "ಒಂದು ಹುಳಕ್ಕೆ ಇಷ್ಟು ಗಲಾಟೆಯೇ? ಪೂರ್ತಿ ವಾಕ್ಯ ಹೇಳು."

ಹುಡುಗಿಯರೆಲ್ಲ ಎದ್ದು ನಿಂತಿದ್ದರು, ಗದರಿಸಿ ಕೂರಿಸಿದೆ. ಜಯಮ್ಮ ಅಳುತ್ತಲೇ ಮೂರು ಸಲ ಹೇಳಿದಳು. ಮೂರನೆಯದು ಸರಿಯಾಗಿತ್ತು.

ಅಷ್ಟರಲ್ಲಿ ಆಯಾ ನರಸಮ್ಮ ಬಾಗಿಲಿಗೆ ಬಂದು ಕೂಗಿದಳು. "ಏನಮ್ಮ ಇನ್ನೂ ಇಂಗೆ ನಿಂತಿದ್ದೀರಾ? ಹುಳ ಅಂದ್ರೆ ಹಾವು ಕಣಮ್ಮ! ಬಾಯಲ್ಲಿ ಹಾವು ಅನ್ಬಾರ್ದು ಅಂತ ಅಂಗಂತೀವಿ!"

ನನ್ನ ಸೆರಗು ಹರಿದು ಫಾತಿಮಾಳ ಕಾಲಿಗೆ ಕಟ್ಟಿದೆವು. ಜಟಕಾ ಆಸ್ಪತ್ರೆ ಮುಟ್ಟುವವರೆಗೆ ಅವಳು ಕಣ್ಣು ಮುಚ್ಚದಂತೆ ಮಾತಾಡಿಸುತ್ತಲೇ ಇದ್ದೆ, ಕನ್ನಡದಲ್ಲಿ.

ಸಂಜೆಯ ಹೊತ್ತಿಗೆ ಹುಡುಗಿ ಉಳಿಯುತ್ತಾಳೆ ಎಂದು ಗೊತ್ತಾಯಿತು. ಆಮೇಲೆ ಡಾಕ್ಟರು ನನ್ನತ್ತ ತಿರುಗಿ, "ಕರೆತರೋದು ಇಷ್ಟು ತಡ ಯಾಕಾಯ್ತು?" ಎಂದರು.

"ಪಾಠ ನಡೆಯುತ್ತಿತ್ತು," ಎಂದೆ.

ಯೂಫೆಮಿಸಂಗೆ ಅದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಯಾವ ತರಗತಿಯಲ್ಲೂ ಕೊಟ್ಟಿಲ್ಲ.