ಹಡಗಿನ ಊಟದ ಕೋಟು

ಕಾಗವಾಡದಲ್ಲಿ ದ್ರಾಕ್ಷಿಗೆ ಹೊಡೆಯುವ ಔಷಧ ಮಾರುವ ಜಿನ್ನಪ್ಪಣ್ಣನನ್ನು ಔಷಧ ಕಂಪನಿಯವರು ಮಾರಾಟಕ್ಕೆ ಮೆಚ್ಚಿ ತೊಂಬತ್ತೈದನೇ ಇಸವಿಯಲ್ಲಿ ಸಿಂಗಾಪುರಕ್ಕೆ ಕರೆದೊಯ್ದು, ಅರಮನೆಯಂಥ ಹಡಗಿನಲ್ಲಿ ಸುತ್ತಾಡಿಸಿ ತಂದರು. ಅಂದಿನಿಂದ ಹಡಗಿನ ಊಟಕ್ಕೆ ಗಂಡಸರು ಏನು ತೊಡಬೇಕು ಎಂಬುದರಲ್ಲಿ ಅಥಣಿಯಿಂದ ನಿಪ್ಪಾಣಿಯವರೆಗೆ ಅವನ ಮಾತೇ ಪ್ರಮಾಣ. ಅಂಥ ಪ್ರವಾಸ ಗಿಟ್ಟಿಸಿದ ಯಾವ ಡೀಲರನೂ ಅವನಿಗೆ ಪೆಟ್ಟಿಗೆ ತೋರಿಸದೆ ಊರು ಬಿಡುವಂತಿಲ್ಲ. ಅಂಗಡಿಯ ಗಂಧಕದ ಚೀಲದ ಮೇಲೆ ಪೆಟ್ಟಿಗೆ ಬಿಚ್ಚಿಸಿ, ಮದುಮಗನ ಅರಿವೆ ನೋಡುವ ಬೀಗರಂತೆ ಒಂದೊಂದನ್ನೇ ಎತ್ತಿ ನೋಡುತ್ತಾನೆ. “ಕರೇ ಕೋಟ ಎಲ್ಲೈತ್ರಿ? ಕೊಲ್ಲಾಪುರಿ ಚಪ್ಪಲ್ ಮನ್ಯಾಗ ಇಡ್ರಿ, ಬೂಟ ಬೇಕು. ಅಲ್ಲಿ ರಾತ್ರಿ ಊಟ ಅಂದ್ರ ಲಗ್ನ ಇದ್ದಂಗ!” ಟೈ ಕಟ್ಟಲು ಬಾರದವರಿಗೆ ದ್ರಾಕ್ಷಿ ಬಳ್ಳಿ ಕಟ್ಟುವ ಸುತಳಿಯಿಂದಲೇ ಪಾಠ, ಕಲಿಯುವತನಕ ಚಹಾ ಇಲ್ಲ. ತನ್ನ ಕೋಟನ್ನಂತೂ ಡಾಂಬರಗುಳಿಗೆ ಹಾಕಿ, ದೇವರ ಕೋಣೆಯ ಪಕ್ಕದ ಕಪಾಟಿನಲ್ಲಿಟ್ಟಿದ್ದಾನೆ. ಒಮ್ಮೆ ತೆಲಸಂಗದ ತರುಣ ಡೀಲರ ಬಾಬಾಸಾಹೇಬ ಟೈ ಬಿಗಿದುಕೊಳ್ಳುತ್ತ, “ಅಣ್ಣಾ, ಅಲ್ಲಿ ರಾತ್ರಿ ಊಟ ಹೆಂಗಿತ್ರಿ?” ಎಂದು ಕೇಳಿದ. “ನನಗೇನ್ ಗೊತ್ತೋ? ಜೈನರು ನಾವು, ಹೊತ್ತು ಮುಳುಗಿದ ಮ್ಯಾಲ ಉಣ್ತೀವೇನು?” ಎಂದ ಜಿನ್ನಪ್ಪಣ್ಣ. ಹಡಗಿನಲ್ಲಿದ್ದಷ್ಟು ರಾತ್ರಿಯೂ ಅವನು ಕೋಟು, ಟೈ, ಬೂಟು ತೊಟ್ಟು ಜೊತೆಗೆ ಬಂದ ಡೀಲರರ ಪಂಕ್ತಿಯಲ್ಲಿ ಖಾಲಿ ತಾಟಿನ ಮುಂದೆ ಕೂತಿದ್ದನಂತೆ. “ಮತ್ತ ಅಷ್ಟೆಲ್ಲಾ ಯಾಕ ಹಾಕ್ಕೊಂಡ್ರಿ? ಖೋಲ್ಯಾಗ ಸುಮ್ನ ಮಲಗಬೇಕಿಲ್ಲ?” ಬಾಬಾಸಾಹೇಬ ನಕ್ಕ. ಜಿನ್ನಪ್ಪಣ್ಣ ಅವನ ಟೈಯನ್ನು ನೆಟ್ಟಗೆ ಮಾಡುತ್ತ ಹೇಳಿದ: “ಜೋಡಿಲೆ ಬಂದಾಂವ ಪಂಕ್ತಿ ಬಿಟ್ಟು ಎದ್ದು ಹೋದ್ರ, ಉಣ್ಣವರಿಗೆ ರುಚಿ ಹತ್ತೂದಿಲ್ಲೋ.”