ಲೈಸೆನ್ಸ್ ಯಾವುದರದ್ದು?

ಅವತ್ತು ಬುಧವಾರ. ನಮ್ಮ ಮನೆಯವರು ಹಿರೇಕೆರೂರಿನಲ್ಲಿ ಎರಡು ಕಿರಾಣಿ ಅಂಗಡಿಗಳ ತಕ್ಕಡಿ ರಿಪೇರಿ ಮಾಡಿ, ಸಂಜೆಯ ಬಸ್ಸಿಗೆ ಶಿಗ್ಗಾವಿಗೆ ಬಂದರು. ಕೈಕಾಲು ತೊಳೆದು ಊಟಕ್ಕೆ ಕುಳಿತರು. ರೊಟ್ಟಿ, ಪುಂಡಿಪಲ್ಯ. ಬಲಗೈ ತಾಟಿನಲ್ಲಿ, ಎಡಗೈಯಲ್ಲಿ ಮೊಬೈಲು.

“ಉಣ್ಣುವಾಗರ ಅದನ್ನ ಕೆಳಗ ಇಡ್ರಿ,” ಎಂದೆ.

“ತಡಿ, ಏರಾಕತ್ತೈತಿ.”

“ಏರಿದ್ದು ಇಳಿಯೂದಿಲ್ಲೇನು?”

“ಇಳಿದಾಗ ನಿನಗ ಮೊದ್ಲ ಹೇಳ್ತೇನಿ. ನೀ ಕುಣೀಬಹುದು.” ನಕ್ಕು, ಇನ್ನೊಂದು ರೊಟ್ಟಿಗೆ ತಾಟು ಮುಂದೆ ಮಾಡಿದರು. ನಾನು ಸಿಟ್ಟಿನಲ್ಲೇ ಹಾಕಿದೆ.

ಮರುದಿನ ಬೆಳಿಗ್ಗೆ ಸವಣೂರಿನ ಒಂದು ದಲಾಲಿ ಅಂಗಡಿಯಲ್ಲಿ ಚೀಲ ತೂಗುವ ಕಾಟಾ ಬಿಚ್ಚಿ ಕುಳಿತಿದ್ದಾಗ ಅವರಿಗೆ ಎದೆ ನೋವು ಬಂತು. ಅಂಗಡಿಯವರು ನೀರು ಕುಡಿಸಿ, ಗಾಡಿ ತರಿಸುವಷ್ಟರಲ್ಲಿ ಮುಗಿದಿತ್ತು. ವಯಸ್ಸು ಐವತ್ತೊಂದು.

ಅವರದು ತಕ್ಕಡಿ ರಿಪೇರಿಯ ಕೆಲಸ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲ್ಲೂಕಿನ ಅಂಗಡಿಗಳ ತಕ್ಕಡಿ, ಕಾಟಾ, ತೂಕದ ಕಲ್ಲುಗಳನ್ನು ಸರಿಮಾಡಿ, ಅಧಿಕಾರಿಗಳ ಮುಂದಿಟ್ಟು ಸರಕಾರದ ಮುದ್ರೆ ಹಾಕಿಸಿಕೊಡುತ್ತಿದ್ದರು. ಅದಕ್ಕೆ ಲೈಸೆನ್ಸ್ ಬೇಕು. ಅದರಲ್ಲಿ ಯಾವ ಕೆಲಸ, ಯಾವ ತಾಲ್ಲೂಕು ಎಂದು ಬರೆದಿರುತ್ತದೆ. ಒಮ್ಮೆ ರಾಣೇಬೆನ್ನೂರಿನ ಮಿಲ್ಲಿನವರೊಬ್ಬರು ಎರಡು ಪಟ್ಟು ಕೊಡುತ್ತೇವೆ ಎಂದು ಕರೆದರೂ ಇವರು ಹೋಗಲಿಲ್ಲ. “ನನ್ನ ಲೈಸೆನ್ಸ್ ಅಲ್ಲೀತನಕಾ ಇಲ್ರಿ” ಎಂದುಬಿಟ್ಟರು. ಯಾವ ಊರಲ್ಲಿ ಏನು ಕೊಳ್ಳಲು ಹೋದರೂ ಮೊದಲು ತಕ್ಕಡಿ ಎತ್ತಿ, ತಳದ ಸೀಸದ ಮುದ್ರೆಯನ್ನು ಉಗುರಿನಿಂದ ಕೆರೆದು ನೋಡುವರು. ಟೊಮ್ಯಾಟೊ ಮಾರುವ ಹೆಂಗಸರು ಇವರನ್ನು ಕಂಡರೆ “ಬಂದ್ರು ನೋಡ್ರೆ ಸಾಹೇಬ್ರು” ಎಂದು ಚಾಷ್ಟಿ ಮಾಡುತ್ತಿದ್ದರು.

ಇಂಥ ಮನುಷ್ಯ ಕ್ರಿಪ್ಟೊ ಎಕ್ಸ್‌ಚೇಂಜಿಗೆ ಹೋಗಿ ಬಿದ್ದದ್ದು ಹೇಗೆ ಎಂದು ನನ್ನನ್ನು ಕೇಳಿದವರು ಬಹಳ. ಮೊಬೈಲಿನ ಯಾವುದೋ ಗುಂಪಿನಲ್ಲಿ ಇವರನ್ನು ಸೇರಿಸಿದ್ದರು. ಎಕ್ಸ್‌ಚೇಂಜ್ ಎಂದರೆ ಒಂದು ಆಪು: ಕಣ್ಣಿಗೆ ಕಾಣದ ನಾಣ್ಯವನ್ನು ಅದರಲ್ಲಿ ಕೊಳ್ಳುವುದು, ಬೆಲೆ ಏರಿದಾಗ ಮಾರುವುದು. ತಾವು ಸ್ವಲ್ಪ ಹಾಕಿದರು. ಅದು ಏರಿತು, ಅಂದರೆ ಮೊಬೈಲಿನಲ್ಲಿ ಏರಿತು. ಆಮೇಲೆ ಅಬಲೂರಿನಲ್ಲಿರುವ ತಮ್ಮ ಅಕ್ಕನಿಗೆ ಹೇಳಿದರು. ಅಕ್ಕನಿಗೆ ಮೊಣಕಾಲು ಹೋಗಿವೆ, ದನ ಕಟ್ಟಲು ಆಗುವುದಿಲ್ಲ. ಎರಡು ಎಮ್ಮೆ ಮಾರಿ ಆಪರೇಶನ್ನಿಗೆಂದು ಇಟ್ಟಿದ್ದ ದುಡ್ಡನ್ನು ತಮ್ಮನ ಕೈಗೆ ಕೊಟ್ಟಳು. ಕೊಡುವಾಗ ಒಂದೇ ಮಾತು ಕೇಳಿದ್ದಳಂತೆ: “ಲೈಸೆನ್ಸ್ ಐತೇನೋ ಅದಕ್ಕ?” ಇವರು “ಐತಿ, ನಾನ ನೋಡೇನಿ” ಎಂದಿದ್ದರಂತೆ.

ದಿನಕರ್ಮ ಮುಗಿದ ಸಂಜೆ ಅಕ್ಕ ನನ್ನನ್ನು ಹಿತ್ತಲಿಗೆ ಕರೆದಳು. ಅಷ್ಟರಲ್ಲಿ ದುಡ್ಡು ಸಿಕ್ಕಿಹಾಕಿಕೊಂಡದ್ದು ಎಲ್ಲರಿಗೂ ಗೊತ್ತಾಗಿತ್ತು. ಆ ಆಪಿನಲ್ಲಿ ದುಡ್ಡು ತೆಗೆಯಲು ಹೋದರೆ ಮೊದಲು ತೆರಿಗೆ ಕಟ್ಟಿ ಎಂದು ಬರುತ್ತಿತ್ತು.

“ರೊಕ್ಕದ ಮಾತ ಬಿಡು ತಂಗಿ,” ಎಂದಳು. “ಮಂದಿ ಒಂದೊಂದ ನಮೂನಿ ಮಾತಾಡಾಕತ್ತಾರ. ಅಕ್ಕಗ ಟೋಪಿ ಹಾಕಿ ಹ್ವಾದ ಅಂತಾರ. ಅಂವಾ ನಿಜವಾಗ್ಲೂ ನೋಡಿದ್ದನೋ, ನನ್ನ ಬಾಯಿ ಮುಚ್ಚಸಾಕ ನೋಡೇನಿ ಅಂದನೋ, ಅಷ್ಟ ತಿಳದು ಹೇಳು.”

ಹತ್ತನೆಯ ತರಗತಿ ಓದಿದವಳು ನಾನು. ಒಂದು ಎಕ್ಸ್‌ಚೇಂಜಿಗೆ ಲೈಸೆನ್ಸ್ ಇದೆಯೋ ಇಲ್ಲವೋ ನೋಡುವುದು ಎಷ್ಟರ ಕೆಲಸ ಎಂದುಕೊಂಡೆ. ಒಂದು ದಿನ ಸಾಕು ಎಂದುಕೊಂಡೆ.

ಅವರ ಫೈಲಿನಲ್ಲಿ, ಅವರದೇ ಲೈಸೆನ್ಸಿನ ಹಿಂದೆ, ಪ್ಲಾಸ್ಟಿಕ್ ಹಾಕಿಸಿದ ಮೂರು ಕಾಗದಗಳಿದ್ದವು. ಮೂರರ ಮೇಲೂ ಎಕ್ಸ್‌ಚೇಂಜಿನ ಕಂಪನಿಯ ಹೆಸರು, ಮುದ್ರೆ, ನಂಬರು. ಎಲ್ಲವೂ ಇಂಗ್ಲಿಷ್. ಅವನ್ನು ಹಿಡಿದು ನಮ್ಮ ಬ್ಯಾಂಕಿಗೆ ಹೋದೆ. ಮ್ಯಾನೇಜರು ಮುಟ್ಟಲೇ ಇಲ್ಲ. “ಇದು ನಮ್ಮದಲ್ಲಮ್ಮ, ಕ್ರಿಪ್ಟೊಗೂ ನಮಗೂ ಸಂಬಂಧ ಇಲ್ಲ” ಎಂದರು. ಹಾಗಾದರೆ ಯಾರದ್ದು ಎಂದು ಕೇಳಿದರೆ, ಕೈಯನ್ನು ಮೇಲೆತ್ತಿ ಫ್ಯಾನಿನ ಕಡೆ ತೋರಿಸಿದರು. ಜಿಲ್ಲಾ ಕೇಂದ್ರದ ಒಂದು ಕಚೇರಿಯಲ್ಲಿ ಎರಡು ತಾಸು ಕೂರಿಸಿ, “ಮೋಸ ಆಗಿದ್ರ ದೂರು ಬರದು ಕೊಡ್ರಿ” ಎಂದರು. ಮೋಸ ಆಗಿದೆಯೋ ಇಲ್ಲವೋ ತಿಳಿಯಲೆಂದೇ ಬಂದಿದ್ದೇನೆ ಎಂದೆ. “ಅದು ತಿಳದ ಮ್ಯಾಲ ಬರ್ರಿ” ಎಂದರು. ಹಾನಗಲ್ಲಿನಲ್ಲಿ ತೆರಿಗೆ ಲೆಕ್ಕ ಬರೆಯುವವರೊಬ್ಬರು ಮೂರೂ ಕಾಗದ ಬೆಳಕಿಗೆ ಹಿಡಿದು, “ಖರೇನ ಅದಾವ ಬಿಡ್ರಿ” ಎಂದು ಚಹಾ ಕೊಟ್ಟು ಕಳಿಸಿದರು. ಅವತ್ತು ನನಗೆ ಸಮಾಧಾನವಾಗಿತ್ತು. ಬಸ್ಸಿನಲ್ಲಿ ಪಕ್ಕದವಳಿಗೆ ಸುಮ್ಮನೆ ಜಾಗ ಬಿಟ್ಟುಕೊಟ್ಟೆ.

ಆದರೆ ದುಡ್ಡು ಬರಲಿಲ್ಲ. ಅವರ ಮೊಬೈಲಿನಲ್ಲಿ ಆಪು ತೆರೆದೇ ಇತ್ತು. ಅದರ ಸಹಾಯವಾಣಿಗೆ ನಾನೇ ಬರೆದೆ: ನಮ್ಮವರು ತೀರಿಕೊಂಡಿದ್ದಾರೆ, ನಿಮಗೆ ಭಾರತದಲ್ಲಿ ಲೈಸೆನ್ಸ್ ಇದೆಯೇ? ಎರಡೇ ನಿಮಿಷದಲ್ಲಿ ಉತ್ತರ. ಕನ್ನಡದಲ್ಲಿ. “ಆತ್ಮೀಯ ಗ್ರಾಹಕರೇ, ನಾವು ಸಂಪೂರ್ಣ ಪರವಾನಗಿ ಪಡೆದಿದ್ದೇವೆ.” ಕೆಳಗೆ ಅದೇ ಮೂರು ಕಾಗದ, ಒಂದು ಗುಲಾಬಿ ಹೂವು. ಯಾವ ಪರವಾನಗಿ ಎಂದು ಕೇಳಿದೆ. ಮತ್ತೆ ಅದೇ ಮೂರು ಕಾಗದ, ಎರಡು ಹೂವು. ಸತ್ತವರ ಮನೆಗೆ ಹೂವು ಕಳಿಸುವ ರೀತಿಯೇ ಇದು ಎಂದು ಮೊಬೈಲನ್ನು ಗಾದಿಯ ಮೇಲೆ ಒಗೆದೆ. ಮತ್ತೆ ಎತ್ತಿಕೊಂಡು ಒಡೆದಿದೆಯೇ ಎಂದು ನೋಡಿದೆ.

ಕೊನೆಗೆ ಸವಣೂರಿಗೆ ಹೋದೆ. ಅಲ್ಲಿ ಒಂದು ಕಂಪ್ಯೂಟರ್ ಅಂಗಡಿ ಇದೆ. ಝೆರಾಕ್ಸ್, ಪಹಣಿ, ಅರ್ಜಿ ಎಲ್ಲವನ್ನೂ ಒಬ್ಬಳೇ ಹೆಣ್ಣುಮಗಳು ನೋಡಿಕೊಳ್ಳುತ್ತಾಳೆ. ಅವಳ ತಂದೆಯ ಖಾರದ ಅಂಗಡಿಗೆ ನಮ್ಮವರೇ ತಕ್ಕಡಿ ಸರಿಮಾಡಿಕೊಡುತ್ತಿದ್ದರು. ನನ್ನನ್ನು ಕಂಡವಳೇ ಎದ್ದು ನಿಂತಳು.

“ಕುಂದರ್ರಿ ಭಾಬಿ. ಅಣ್ಣಾರ ಸುದ್ದಿ ಕೇಳಿ ನಮ್ಮ ಅಬ್ಬಾ ಎರಡ ದಿನ ಊಟ ಮಾಡ್ಲಿಲ್ಲ.”

ಕಾಗದ ಅವಳ ಮುಂದಿಟ್ಟೆ. ಅವಳು ಒಂದೊಂದನ್ನೇ ಬೆರಳಿಟ್ಟು ಓದಿದಳು.

“ಇದು ಕಂಪನಿ ಹುಟ್ಟಿದ ಕಾಗದ ಭಾಬಿ. ನಾಳೆ ನೀವೂ ನಾನೂ ಕೂಡಿ ಒಂದು ಕಂಪನಿ ಮಾಡಿದ್ರ ನಮಗೂ ಸಿಗತೈತಿ. ಇದು ಜಿಎಸ್‌ಟಿದು. ಕಂಪ್ಯೂಟರ್ ಕೆಲಸ ಅಂತ ಬರಸ್ಯಾರ. ಈ ಮೂರನೇದು ಯಾವುದೋ ದ್ವೀಪದ್ದು. ಅಲ್ಲಿ ನಡೀತೈತೋ ಏನೋ, ಇಲ್ಲಿ ನಡ್ಯಾಂಗಿಲ್ಲ.”

“ಹಂಗಾರ ಖೊಟ್ಟಿ ಕಾಗದೇನು?”

“ಖೊಟ್ಟಿ ಅಲ್ರಿ. ಎಲ್ಲಾ ಖರೇನ ಅದಾವ. ಈ ಕೆಲಸದ್ದ ಒಂದೂ ಇಲ್ಲ.”

ಹಾಗಾದರೆ ಈ ಕೆಲಸದ್ದು ಯಾವುದು, ಅದನ್ನು ತೋರಿಸು ಎಂದೆ. ಅವಳು ಹುಡುಕುತ್ತ ಕುಳಿತಳು. ಗಿರಾಕಿಗಳು ಬಂದು ಹೋದರು. ಕಡೆಗೆ ಅವಳು ತಿಳಿಸಿದ್ದು ಇಷ್ಟು: ನಮ್ಮ ದೇಶದಲ್ಲಿ ಈ ಎಕ್ಸ್‌ಚೇಂಜುಗಳಿಗೆ ಲೈಸೆನ್ಸ್ ಎಂಬ ಕಾಗದವೇ ಇಲ್ಲ. ಕಳ್ಳ ಹಣದ ಓಡಾಟ ನೋಡುವ ಒಂದು ಕಚೇರಿ ದೆಹಲಿಯಲ್ಲಿದೆ. ಇಲ್ಲಿ ವ್ಯವಹಾರ ಮಾಡುವ ಎಕ್ಸ್‌ಚೇಂಜುಗಳು ಅಲ್ಲಿ ಹೆಸರು ನೋಂದಾಯಿಸಬೇಕು. ನೋಂದಾಯಿಸಿದವರ ಪಟ್ಟಿ ಇರುತ್ತದೆ. ಆದರೆ ಪಟ್ಟಿಯಲ್ಲಿ ಆಪಿನ ಹೆಸರು ಹುಡುಕಿದರೆ ಸಾಲದು, ಅದನ್ನು ನಡೆಸುವ ಕಂಪನಿಯ ಹೆಸರನ್ನೂ ಹುಡುಕಬೇಕು. ಮತ್ತು ಹೆಸರು ಸಿಕ್ಕರೂ, ದುಡ್ಡು ಮುಳುಗಿದರೆ ಸರಕಾರ ಹೊಣೆಯಲ್ಲ.

“ಹಂಗಾರ ನೋಂದಣಿ ಯಾತಕ್ಕ?” ಎಂದೆ. ನನ್ನ ದನಿ ಏರಿತ್ತು. “ಒಂದು ತಕ್ಕಡಿಗೆ ವರ್ಷಾ ಮುದ್ರಿ. ಉಳ್ಳಾಗಡ್ಡಿ ಮಾರಾವ್ನ ತಕ್ಕಡಿಗೂ ಮುದ್ರಿ. ಇದಕ್ಕ ಮಾತ್ರ ಹೌದೂ ಇಲ್ಲ, ಅಲ್ಲಾನೂ ಇಲ್ಲ!”

“ನನ್ನ ಮ್ಯಾಲ ಯಾಕ ಒದರ್ತೀರಿ ಭಾಬಿ, ನಾ ಝೆರಾಕ್ಸ್ ಮಾಡಾಕಿ.”

ಇಬ್ಬರಿಗೂ ನಗು ಬಂತು. ಆಮೇಲೆ ನಗು ನಿಂತಿತು. ಪಟ್ಟಿಯಲ್ಲಿ ಹುಡುಕಿದೆವು. ಆಪಿನ ಹೆಸರಿಲ್ಲ. ಕಂಪನಿಯ ಹೆಸರಿಲ್ಲ. ಎರಡು ಸಲ ನೋಡಿದೆವು.

ಕಾಗದ ಎತ್ತಿಕೊಳ್ಳುವಾಗ ಅವಳು ಸಣ್ಣ ದನಿಯಲ್ಲಿ ಹೇಳಿದಳು. “ಅಣ್ಣಾರು ಇಲ್ಲಿಗೆ ಬಂದಿದ್ರು ಭಾಬಿ. ಈ ಮೊದಲನೇ ಕಾಗದದ ನಂಬರ್ ಕೊಟ್ಟು, ಸರಕಾರದ ಕಂಪ್ಯೂಟರದಾಗ ಖರೇ ಐತೇನು ನೋಡವ್ವಾ ಅಂದ್ರು. ಹಾಕಿದ್ವಿ. ಕಂಪನಿ ಹೆಸರು ಬಂತು. ಪ್ರಿಂಟ್ ತಗೊಂಡು ಖುಷಿಲೇ ಹ್ವಾದ್ರು. ಯಾತಕ್ಕ ಅಂತ ನಾನೂ ಕೇಳ್ಲಿಲ್ಲ.” ಕಣ್ಣು ಒರೆಸಿಕೊಂಡಳು.

ಮನೆಗೆ ಬಂದು ಫೈಲನ್ನು ಬುಡಮೇಲು ಮಾಡಿದೆ. ತಮ್ಮ ಲೈಸೆನ್ಸಿನ ಪ್ಲಾಸ್ಟಿಕ್ಕಿನೊಳಗೇ ಆ ಪ್ರಿಂಟು ಮಡಚಿ ಇಟ್ಟಿದ್ದರು. ಮೂಲೆಯಲ್ಲಿ ತಾರೀಖಿತ್ತು. ಅಕ್ಕ ದುಡ್ಡು ಕೊಟ್ಟದ್ದಕ್ಕಿಂತ ಎಂಟು ದಿನ ಮೊದಲು.

ನೋಡಿದ್ದರು. ಅವರು ಮುದ್ರೆಯನ್ನು ನೋಡಿದ್ದರು, ಮುದ್ರೆ ಖರೆಯೇ ಎಂದೂ ನೋಡಿದ್ದರು. ನಲವತ್ತು ಮೈಲಿ ದೂರದ ಮಿಲ್ಲಿಗೆ ತಮ್ಮ ಲೈಸೆನ್ಸ್ ನಡೆಯುವುದಿಲ್ಲ ಎಂದು ತಿಳಿದಿದ್ದವರಿಗೆ, ಯಾವುದರ ಲೈಸೆನ್ಸ್, ಎಲ್ಲಿಯತನಕ ಎಂದು ಕೇಳಲು ಹೊಳೆಯಲಿಲ್ಲ. ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಗೋಡೆಯ ಮೇಲಿನ ಫೋಟೊದ ಮುಂದೆ ನಿಂತು, “ಅಲ್ರೀ, ಮೂರ ಸಾಲು ಓದಿದ್ರ ಆಗ್ತಿತ್ತಲ್ರೀ” ಎಂದು ಬಾಯಿಬಿಟ್ಟೇ ಬೈದೆ. ಪಕ್ಕದ ಮನೆಯವಳು ಬಾಗಿಲಿಗೆ ಬಂದು, ಯಾರು ಬಂದಿದ್ದಾರೆ ಎಂದು ಕೇಳಿದಳು. ಯಾರೂ ಇಲ್ಲ ಎಂದೆ.

ಮರುದಿನ ಅಬಲೂರಿಗೆ ಹೋದೆ. ಅಕ್ಕ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು ಅವರೆಕಾಯಿ ಬಿಡಿಸುತ್ತಿದ್ದಳು. ಪ್ರಿಂಟು ಕೈಗೆ ಕೊಟ್ಟು, ತಾರೀಖು ಓದಿ ಹೇಳಿದೆ. ಎಲ್ಲವನ್ನೂ ಹೇಳಿದೆ. ಅವಳಿಗೆ ಓದು ಬರುವುದಿಲ್ಲ. ಆದರೂ ಹಾಳೆಯನ್ನು ತಿರುಗಿಸಿ ಹಿಂದೆಯೂ ನೋಡಿದಳು.

“ಅಂದ್ರ ಸುಳ್ಳು ಹೇಳಿಲ್ಲ.”

“ಇಲ್ರಿ ಅಕ್ಕಾ.”

“ನೋಡ್ಯಾನ. ಬ್ಯಾರೇದನ್ನ ನೋಡ್ಯಾನ.”

“ಹೂಂ.”

“ಸಣ್ಣಾಂವಿದ್ದಾಗೂ ಹಂಗ ಇದ್ದ. ಎಮ್ಮಿ ಕಟ್ಟಿ ಬಾ ಅಂದ್ರ ಹಗ್ಗಾ ಗಟ್ಟಿ ಐತಿಲ್ಲೋ ನೋಡಾಂವ, ಗೂಟ ನೋಡ್ತಿದ್ದಿಲ್ಲ.” ಸೆರಗಿನಿಂದ ಮೂಗು ಒರೆಸಿಕೊಂಡು, ಹಾಳೆಯನ್ನು ಮಡಚಿ ಕುಬಸದೊಳಗೆ ಇಟ್ಟುಕೊಂಡಳು. “ಇದು ನನ್ನ ಕಡೆ ಇರಲಿ. ಮಾತಾಡಾವ್ರಿಗೆ ತೋರಸ್ತೇನಿ.” ಮತ್ತೊಂದು ಕಾಯಿ ಬಿಡಿಸಿ ನನ್ನ ಕಡೆ ತಿರುಗಿದಳು. “ಅಲ್ಲ ತಂಗಿ, ಸವಣೂರತನಕಾ ಹೋಗಿ ಆ ಹುಡುಗಿನ ಕೇಳ್ಯಾನ. ಮನ್ಯಾಗ ಓದಿದಾಕಿ ನೀ ಇದ್ದಿ. ನಿನಗ ಒಮ್ಮಿ ತೋರಸಾಕ ಏನಾಗಿತ್ತು ಅಂವಗ?”

ನಾನು ಅವರೆಕಾಯಿ ಎತ್ತಿಕೊಂಡು ಬಿಡಿಸತೊಡಗಿದೆ. ಅವರು ಮೊಬೈಲು ಹಿಡಿದಾಗಲೆಲ್ಲ ನಾನು ರೇಗುತ್ತಿದ್ದದ್ದನ್ನು ಅವಳಿಗೆ ಹೇಳಲಿಲ್ಲ.

ದೆಹಲಿಯ ಆ ಪಟ್ಟಿಯನ್ನು ಈಗಲೂ ತಿಂಗಳಿಗೊಮ್ಮೆ ನೋಡುತ್ತೇನೆ. ಆ ಕಂಪನಿಯ ಹೆಸರು ಬಂದಿಲ್ಲ, ಆಮೇಲೆ ಜಿಲ್ಲಾ ಕೇಂದ್ರದಲ್ಲಿ ದೂರು ಬರೆದು ಕೊಟ್ಟದ್ದಕ್ಕೆ ಒಂದು ನಂಬರು ಬಂದಿದೆ. ಅಕ್ಕನ ಮೊಣಕಾಲಿನ ಆಪರೇಶನ್ ಆಗಿಲ್ಲ.