ಕತ್ತರಿ ಆಡದ ದಿನ

ಕಳೆದ ತಿಂಗಳು ತಿ. ನರಸೀಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಹೋಗುತ್ತಿದ್ದಾಗ ಹೊಲಿಗೆ ಮೆಷಿನ್ನಿನ ಎಣ್ಣೆಯ ವಾಸನೆ ಬಂತು. ಎಣ್ಣೆ, ಅದರ ಜೊತೆಗೆ ಇನ್ನೂ ನೀರು ಕಾಣದ ಹೊಸ ಬಟ್ಟೆಯ ವಾಸನೆ. ನೆಂಟರ ಮನೆಯ ನಾಮಕರಣಕ್ಕೆ ಹೊರಟಿದ್ದವಳು ಅಲ್ಲೇ ನಿಂತುಬಿಟ್ಟೆ. ಪಕ್ಕದ ಪುಟ್ಟ ಅಂಗಡಿಯಲ್ಲಿ ಒಬ್ಬ ಹೆಂಗಸು ತಲೆ ಬಗ್ಗಿಸಿಕೊಂಡು ಮೆಷಿನ್ ತುಳಿಯುತ್ತಿದ್ದರು. ವಯಸ್ಸು ನೋಡಿದರೇ ಗೊತ್ತಾಗುತ್ತಿತ್ತು, ಇವರು ನಮ್ಮ ಟೈಲರಕ್ಕ ಅಲ್ಲ ಅಂತ. ಆದರೂ ಮೆಟ್ಟಿಲು ಹತ್ತಿ ವಿಚಾರಿಸಿದೆ. ಅವರು ಹೇಳಿದ್ದನ್ನು ಕೇಳಿದ ಮೇಲೆ ನಾಮಕರಣದ ಊಟಕ್ಕೆ ನಿಲ್ಲದೆ ಮನೆಯ ಬಸ್ಸು ಹತ್ತಿದೆ.

ಮದುವೆಯಾದ ಹೊಸತರಲ್ಲಿ ನಾವು ನಂಜನಗೂಡಿನ ಒಂದು ವಠಾರದಲ್ಲಿದ್ದೆವು. ಯಜಮಾನರಿಗೆ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಸೋಸಲೆಯಿಂದ ಅತ್ತೆಯೂ ಬಂದು ನಮ್ಮ ಜೊತೆಗೇ ಇದ್ದರು. ಒಂದೇ ಗೋಡೆಯ ಆಚೆಗೆ ಟೈಲರಕ್ಕನ ಮನೆ. ಅವರು ಮೆಷಿನ್ ತುಳಿದರೆ ನಮ್ಮ ಗೂಡಿನಲ್ಲಿದ್ದ ಲೋಟಗಳು ಸಣ್ಣಗೆ ಅಲುಗುತ್ತಿದ್ದವು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಇಡೀ ಬೀದಿಯನ್ನು ತಮಾಷೆ ಮಾಡುತ್ತಿದ್ದರು. ನಾನು ರವಿಕೆಯ ಅಳತೆ ಕೊಡಲು ಹೋದಾಗಲೆಲ್ಲ, "ಉಸ್ರು ಎಳ್ಕಂಡು ನಿಂತ್ಕಬ್ಯಾಡ ಕಣಮ್ಮಿ, ಆಮೇಲೆ ಉಂಡೇಟ್ಗೇ ದಾರ ಕಿತ್ಕತದೆ" ಅನ್ನುತ್ತಿದ್ದರು. ಬೀದಿಯ ಸೀಮಂತದ ರವಿಕೆಗಳೆಲ್ಲ ಅವರ ಕೈಯಲ್ಲೇ ಹೊಲಿಸಿದವು. ಕೈಗುಣ ಒಳ್ಳೆಯದು ಅಂತ ಎಲ್ಲರೂ ನಂಬಿದ್ದರು. ಈ ನಂಬಿಕೆ ಅನ್ನುವುದಿದೆಯಲ್ಲ, ಅದು ತಿರುಗಿ ಬೀಳುವುದಕ್ಕೆ ಹೊತ್ತು ಗೊತ್ತು ಬೇಕಿಲ್ಲ.

ನನಗೆ ಏಳು ತಿಂಗಳಾಗಿದ್ದಾಗ ಸೂರ್ಯಗ್ರಹಣ ಬಂತು. ನಮ್ಮ ಕಡೆ ಬಸುರಿಯರು ಗ್ರಹಣದ ಹೊತ್ತಿನಲ್ಲಿ ಏನನ್ನೂ ಕತ್ತರಿಸಬಾರದು, ಸೀಳಬಾರದು, ಹೊಲಿಯಬಾರದು, ಅವರ ಹತ್ತಿರ ಬೇರೆ ಯಾರೂ ಕತ್ತರಿ ಆಡಿಸಲೂಬಾರದು. ಕತ್ತರಿಸಿದರೆ ಮಗುವಿನ ತುಟಿ ಸೀಳಿಕೊಂಡು ಹುಟ್ಟುತ್ತದೆ ಅನ್ನುತ್ತಾರೆ. ಅತ್ತೆ ಬೆಳಿಗ್ಗೆಯೇ ಈಳಿಗೆಮಣೆಯನ್ನು ಅಟ್ಟಕ್ಕೆ ಸೇರಿಸಿ, ಹೊಟ್ಟೆಯ ಮೇಲೆ ದರ್ಭೆ ಇಟ್ಟು, ನನ್ನನ್ನು ಕತ್ತಲೆ ಕೋಣೆಯಲ್ಲಿ ಮಲಗಿಸಿದರು. ಉಗುರು ಕಚ್ಚುವುದಕ್ಕೂ ಹೆದರಿಕೊಂಡು ಮಲಗಿದ್ದೆ. ಗೋಡೆಯ ಆಚೆ ಸದ್ದೇ ಇರಲಿಲ್ಲ. ಟೈಲರಕ್ಕ ಮೊದಲ ಬಸ್ಸಿಗೇ ನರಸೀಪುರದ ತಂಗಿ ಮನೆಗೆ ಹೊರಟಿದ್ದರು. ಗ್ರಹಣ ಬಿಟ್ಟ ಮೇಲೆ ಸಂಗಮದಲ್ಲಿ ಸ್ನಾನ ಮಾಡಿ ಬರುತ್ತೇನೆ ಅಂತ ಕಿಟಕಿಯಲ್ಲೇ ಹೇಳಿಹೋಗಿದ್ದರು.

ಇಷ್ಟು ಮಡಿ ಮಾಡಿದರೂ ಮಗಳು ಸೀಳುತುಟಿಯೊಂದಿಗೇ ಹುಟ್ಟಿದಳು. ಮೇಲ್ದುಟಿ ಮೂಗಿನವರೆಗೂ ಬಿಟ್ಟುಕೊಂಡಿತ್ತು, ಬಾಯೊಳಗೆ ಅಂಗುಳವೂ ಕೂಡಿರಲಿಲ್ಲ. ಮೊಲೆಗೆ ಹಾಕಿಕೊಂಡರೆ ಚೀಪಲು ಬಾರದೆ ಕೆಂಪಾಗಿ ಅಳುತ್ತಿತ್ತು, ಕುಡಿಸಿದ ಹಾಲು ಮೂಗಿನಿಂದ ಹೊರಗೆ ಬರುತ್ತಿತ್ತು. ಮೊದಲ ಸಲ ಅದನ್ನು ನೋಡಿದಾಗ ಮಗು ಉಳಿಯುವುದಿಲ್ಲ ಅಂದುಕೊಂಡೆ. ಆಸ್ಪತ್ರೆಯ ಡಾಕ್ಟರಮ್ಮ ಮಾತ್ರ ಗಾಬರಿಯಾಗಲಿಲ್ಲ. ಸಾವಿರ ಮಕ್ಕಳು ಹುಟ್ಟಿದರೆ ಒಂದಕ್ಕೋ ಎರಡಕ್ಕೋ ಹೀಗಾಗುತ್ತದೆ, ಎಲ್ಲ ದೇಶದಲ್ಲೂ ಆಗುತ್ತದೆ, ಆಪರೇಷನ್ ಮಾಡಿದರೆ ಸರಿಹೋಗುತ್ತದೆ ಅಂದರು. ತುಟಿ ಕೂಡಿಕೊಳ್ಳುವುದು ಎರಡನೇ ತಿಂಗಳಿನಲ್ಲೇ, ನೀನು ಬಸುರಿ ಅಂತ ಬೀದಿಗೆ ಗೊತ್ತಾಗುವುದಕ್ಕೂ ಮುಂಚೆ ಅಂತಲೂ ಹೇಳಿದರು. ಈ ಮಾತನ್ನು ಮನೆಯಲ್ಲಿ ಯಾರ ಕಿವಿಗೆ ಹಾಕಲಿ?

ಮಗುವನ್ನು ಉಳಿಸಿಕೊಳ್ಳುವುದೇ ಒಂದು ಕೆಲಸವಾಯಿತು. ನೆಟ್ಟಗೆ ಕೂರಿಸಿಕೊಂಡು, ಮೂತಿಯಿರುವ ಒಳಲೆಯಲ್ಲಿ ಹಿಂಡಿದ ಹಾಲನ್ನು ತೊಟ್ಟು ತೊಟ್ಟಾಗಿ ಕೆನ್ನೆಯ ಒಳಬದಿಗೆ ಬಿಡಬೇಕು. ಒಂದು ಸಲ ಕುಡಿಸಿ ಮುಗಿಸುವಷ್ಟರಲ್ಲಿ ಇನ್ನೊಂದು ಸಲದ ಹಸಿವು ಶುರುವಾಗುತ್ತಿತ್ತು. ಟೈಲರಕ್ಕ ಒಂದು ದಿನ ಪಕ್ಕದಲ್ಲಿ ಕೂತು ನೋಡಿದರು, ಮಾರನೆಯ ದಿನ ಒಳಲೆಯನ್ನು ನನ್ನ ಕೈಯಿಂದ ಕಿತ್ತುಕೊಂಡರು. "ನೀನು ಮಲಕ್ಕೋ ಓಗು, ಕಣ್ಣೆಲ್ಲ ಗುಳಿ ಬಿದ್ದೋಗವೆ" ಅಂತ ಗದರಿದರು. ಅವರ ಹೊಲಿಗೆ ಹಾಗೇ ಬಿದ್ದಿರುತ್ತಿತ್ತು, ಗಿರಾಕಿಗಳು ಬಾಗಿಲಲ್ಲಿ ನಿಂತು ಬೈದುಕೊಂಡು ಹೋಗುತ್ತಿದ್ದರು.

ಅಂಥ ಒಂದು ಮಧ್ಯಾಹ್ನ ಸೋಸಲೆಯಿಂದ ದೊಡ್ಡತ್ತೆ ಬಂದರು. ಅತ್ತೆಯ ಅಕ್ಕ ಅವರು, ಮನೆಯಲ್ಲಿ ಅವರು ಗೆರೆ ಎಳೆದರೆ ಯಾರೂ ದಾಟುವಂತಿರಲಿಲ್ಲ. ಮಗುವಿನ ಮುಖದ ಬಟ್ಟೆ ಸರಿಸಿ ನೋಡಿದವರೇ ಸಿಡಿದೆದ್ದರು. "ಏನೋ ಕುಯ್ದವ್ಳೆ ಇವ್ಳು. ಸುಮ್ಸುಮ್ಕೆ ಇಂಗ್ ಉಟ್ಟದಾ ಮಗ? ಮಗೀನ್ ಜೊತೆಗೇ ತವ್ರಿಗೆ ಕಳ್ಸು. ಉಡುಗಂಗೆ ಬ್ಯಾರೆ ಕಡೆ ನೋಡುವಾ."

ನಾನು ಕುಯ್ದಿಲ್ಲ ಅಂದರೆ ಯಾರು ಕೇಳುತ್ತಾರೆ? ಯಜಮಾನರು ಡ್ಯೂಟಿಯಲ್ಲಿದ್ದರು. ಅತ್ತೆ ನೆಲ ನೋಡುತ್ತಾ ಕೂತಿದ್ದರು. ನನ್ನ ತವರಿನಲ್ಲಿ ಇನ್ನಿಬ್ಬರು ತಂಗಿಯರು ಮದುವೆಗೆ ನಿಂತಿದ್ದರು, ಅಲ್ಲಿಗೆ ಹೋದರೆ ಮಗಳ ಆಪರೇಷನ್ ಕನಸಿನ ಮಾತು. ಆಗ ಬಾಗಿಲಲ್ಲಿ ನಿಂತಿದ್ದ ಟೈಲರಕ್ಕ ಒಳಗೆ ಬಂದರು.

"ಆ ಉಡುಗೀನ ಯಾಕ್ ಬೈತೀರಿ? ಗ್ರಾಣದ್ ದಿನ ಕತ್ತರಿ ಆಡ್ಸಿದ್ದು ನಾನು. ಇದೇ ಗ್ವಾಡೆ ಆಚೆ ಕುಂತ್ಕಂಡು ಬ್ಲೌಸ್ ಪೀಸ್ ಕತ್ತರಿಸ್ದೆ. ಅರ್ಜೆಂಟಿತ್ತು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ದೊಡ್ಡತ್ತೆ ಅವರ ಮೇಲೆ ಬಿದ್ದರು. ಬರೆಯಲಾಗದಂಥ ಮಾತುಗಳನ್ನು ಅಂದರು. ಮುಂಡೆಯ ಮನೆ ಪಕ್ಕ ಬಸುರಿಯನ್ನು ಯಾಕೆ ಇಟ್ಟಿದ್ದೆ ಅಂತ ಅತ್ತೆಯನ್ನೂ ಕೇಳಿದರು. ಅತ್ತೆ ಆಗ ಮೊದಲ ಸಲ ಬಾಯಿ ತೆರೆದು, "ಓಗ್ಲಿ ಬುಡಕ್ಕ, ನಮ್ಮನೆ ಉಡುಗಿ ತಪ್ಪಲ್ವಲ್ಲ" ಅಂದರು. ತವರಿಗೆ ಕಳಿಸುವ ಮಾತು ಅಲ್ಲಿಗೆ ನಿಂತಿತು.

ಸಂಜೆ ನಾನು ಜಗಳಕ್ಕೇ ಹೋದೆ. ಊರಲ್ಲೇ ಇಲ್ಲದವರು ಯಾಕೆ ಸುಳ್ಳು ಹೇಳಿದಿರಿ ಅಂತ ಕೂಗಾಡಿದೆ. ಅವರು ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದರು. "ನಿಂಗಾದ್ರೆ ಕೇಳೋಕೆ ಅತ್ತೆ ಅವ್ರೆ, ಗಂಡ ಅವ್ನೆ. ನನ್ನ ಕೇಳೋರ್ ಯಾರವ್ರೆ? ಮಗೀಗೆ ಆಪರೇಷನ್ ಆಗಗಂಟ ಬಾಯ್ಮುಚ್ಕಂಡಿರು" ಅಂದರು.

ಮೈಸೂರಿನ ಆಸ್ಪತ್ರೆಯ ವಾರ್ಡಿಗೆ ಹೋದ ಮೇಲೆ ನನ್ನ ಸಿಟ್ಟು ಇನ್ನೂ ಜಾಸ್ತಿಯಾಯಿತು. ಮಂಚದ ಸಾಲಿನಲ್ಲಿ ಎಲ್ಲ ತಾಯಂದಿರ ಮಡಿಲಲ್ಲೂ ನನ್ನ ಮಗಳಂಥದೇ ತುಟಿ. ಒಬ್ಬಳು ಗ್ರಹಣದಲ್ಲಿ ಕುಂಬಳಕಾಯಿ ಒಡೆದಳಂತೆ. ಒಬ್ಬಳು ಗೋಡೆಯ ಹಲ್ಲಿಯನ್ನು ಪೊರಕೆಯಲ್ಲಿ ಹೊಡೆದಳಂತೆ. ಇನ್ನೊಬ್ಬಳ ಒಂಬತ್ತು ತಿಂಗಳಲ್ಲಿ ಗ್ರಹಣವೇ ಬಂದಿರಲಿಲ್ಲ, ಅವಳಿಗೆ ಹೋದ ಜನ್ಮದ್ದು ಅಂದಿದ್ದರಂತೆ. ಇಷ್ಟೊಂದು ಮಕ್ಕಳು ಹೀಗೆ ಹುಟ್ಟುತ್ತಾರೆ ಅಂತ ನಮಗೆ ಯಾರೂ ಹೇಳಿರಲೇ ಇಲ್ಲ. ಅದಕ್ಕೇ ಪ್ರತಿಯೊಬ್ಬಳೂ ತಾನೊಬ್ಬಳೇ ಪಾಪಿ ಅಂದುಕೊಂಡು ಸೆರಗಿನಲ್ಲಿ ಮಗುವಿನ ಮುಖ ಮುಚ್ಚಿಕೊಂಡು ಕೂತಿದ್ದಳು.

ಮೊದಲು ತುಟಿ ಹೊಲಿದರು, ವರ್ಷ ತುಂಬಿದ ಮೇಲೆ ಅಂಗುಳ ಸರಿಮಾಡಿದರು. ಅಷ್ಟರಲ್ಲಿ ವಠಾರದಲ್ಲಿ ಮೆಷಿನ್ ಸದ್ದು ಕಡಿಮೆಯಾಗಿತ್ತು. ಸೀಮಂತದ ಬಟ್ಟೆ ಯಾರೂ ತರುತ್ತಿರಲಿಲ್ಲ. ಮದುವಣಗಿತ್ತಿಯರ ತಾಯಂದಿರೂ ಬೇರೆ ಬೀದಿಗೆ ಹೋಗುತ್ತಿದ್ದರು. ಊರ ಬಾಯಿಗೆ ಬೀಗ ಹಾಕುವವರು ಯಾರು? ಎರಡನೇ ಆಪರೇಷನ್ ಮುಗಿಸಿಕೊಂಡು ನಾವು ವಾಪಸ್ಸು ಬರುವ ಹೊತ್ತಿಗೆ ಟೈಲರಕ್ಕ ಮನೆ ಖಾಲಿ ಮಾಡಿ ನರಸೀಪುರಕ್ಕೆ ಹೋಗಿಬಿಟ್ಟಿದ್ದರು. ನಾನು ಬೀದಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ನಿಜ ಹೇಳಿದೆ. ಅವಳೇ ಒಪ್ಪಿಕೊಂಡಳಲ್ಲಮ್ಮ ಅಂದರು. ಅತ್ತೆಗೂ ಹೇಳಿದೆ. "ಆಗೋಗಿದ್ದು ಈಗ್ಯಾಕೆ ಬುಡು" ಅಂತ ಎದ್ದು ಅಡುಗೆಮನೆಗೆ ಹೋದರು. ಎರಡು ಸಲ ನರಸೀಪುರದಲ್ಲಿ ಹುಡುಕಿದೆ, ತಂಗಿಯ ಮನೆ ಸಿಗಲಿಲ್ಲ. ಆಮೇಲೆ ಮಗಳ ಸ್ಕೂಲು, ಮಾತಿನ ತರಬೇತಿ, ಒಂದಾದ ಮೇಲೊಂದು...

ಮಗಳು ಈಗ ಮೈಸೂರಿನಲ್ಲಿ ಬಿ.ಎಡ್. ಓದುತ್ತಿದ್ದಾಳೆ. ಮಾತಿನಲ್ಲಿ ಸ್ವಲ್ಪ ಮೂಗಿನ ದನಿ ಇದೆ, ಅದರಲ್ಲೇ ನನ್ನ ಜೊತೆ ಚೆನ್ನಾಗಿ ಜಗಳವಾಡುತ್ತಾಳೆ.

ನರಸೀಪುರದ ಆ ಅಂಗಡಿಯ ಹೆಂಗಸು ಟೈಲರಕ್ಕನ ಹತ್ತಿರವೇ ಕೆಲಸ ಕಲಿತವರಂತೆ. ಅಕ್ಕ ಹೋದ ವರ್ಷ ತೀರಿಕೊಂಡರು ಅಂದರು. ಗ್ರಹಣದ ಮಾತು ಅಲ್ಲಿಗೂ ಬಂದಿತ್ತಂತೆ. ಕೊನೆಯವರೆಗೂ ಬಸುರಿಯರ ಬಟ್ಟೆ ಅವರ ಕೈಗೆ ಬರಲಿಲ್ಲವಂತೆ.

ಮನೆಗೆ ಬಂದವಳೇ ಅತ್ತೆಗೆ ಹೇಳಿದೆ. ಅತ್ತೆಗೆ ಈಗ ಕಿವಿ ಮಂದ, ಎರಡು ಸಲ ಹೇಳಬೇಕಾಯಿತು.

"ಗ್ರಾಣದ್ ದಿನ ಅವ್ಳ್ ಮನೆ ಬೀಗದ್ ಕೈ ನನ್ ಸೊಂಟದಲ್ಲೇ ಇತ್ತು ಕಣಮ್ಮಿ. ಬಸ್ಸಿಗ್ ಓಗೋವಾಗ ಕೊಟ್ಟೋಗಿದ್ಲು" ಅಂದರು. "ನಮ್ಮಕ್ಕನ್ ಮುಂದೆ ಅಂಗಂದ್ಲಲ್ಲ, ಆಗ ನನ್ ಮೊಕ ನೋಡುದ್ಲು. ನಾನೂ ನೋಡ್ದೆ. ಇಬ್ರೂ ಸುಮ್ಕಾದೊ."

ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಅತ್ತೆಯ ಮೇಲೆ ರೇಗಬೇಕು ಅನ್ನಿಸುತ್ತದೆ, ಕಾಲಿಗೆ ಬೀಳಬೇಕು ಅಂತಲೂ ಅನ್ನಿಸುತ್ತದೆ. ಅವರಾದರೂ ಎದುರಿಗಿದ್ದಾರೆ, ಎರಡರಲ್ಲಿ ಒಂದನ್ನು ಯಾವತ್ತಾದರೂ ಮಾಡಬಹುದು. ಟೈಲರಕ್ಕ ನನ್ನ ಮಗಳು ಮಾತಾಡಿದ್ದನ್ನು ಒಂದು ಸಲವೂ ಕೇಳಲಿಲ್ಲ.